ಇಲ್ಲದ ನೀರನ್ನು ಇದೆ ಎಂದೆ

ಆ ಬಂಡೆಯಲ್ಲಿ ನಾನು ಹೇಳಿದಷ್ಟು ನೀರು ಇರಲಿಲ್ಲ. ಇಲ್ಲವೆಂದು ಅಂದೇ ಗೊತ್ತಿತ್ತು — ಆದರೂ ಇದೆ ಎಂದೆ.

ಮಸ್ಕತ್ತಿನಿಂದ ಒಳನಾಡಿನತ್ತ, ಒಣಹೊಳೆಯೊಂದರ ದಂಡೆಯಲ್ಲಿ ಕೊಳವೆಬಾವಿ ಕೊರೆಸಿದ್ದೆವು. ಹೊಸ ಬಡಾವಣೆಗೆ ಅದರ ನೀರು ಸಾಕೇ ಎಂದು ನೋಡಬೇಕಿತ್ತು. ಗಟ್ಟಿ ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಹಗಲಿರುಳು ಪಂಪ್ ಓಡಿಸಿ, ಮಟ್ಟ ಎಷ್ಟು ಇಳಿಯುತ್ತದೆಂದು ಅಳೆದೇ ಅವುಗಳ ಶಕ್ತಿ ತಿಳಿಯಬೇಕು. ಎತ್ತಿದ ನೀರನ್ನು ದೂರ ಒಯ್ದು ಬಿಡಬೇಕು — ಇದು ಕಾಲೇಜಿನ ಪಾಠ. ನಮ್ಮ ಪೈಪ್ ಗಿಡ್ಡವಾಗಿತ್ತು. ಬಾವಿಯ ಪಕ್ಕದ ಜಲ್ಲಿಯ ಮೇಲೇ ಬಿಟ್ಟೆವು. ಮಟ್ಟ ಸ್ವಲ್ಪ ಇಳಿದು ನಿಂತುಬಿಟ್ಟಿತು.

ನನ್ನೊಂದಿಗೆ ಓದಿದ, ಉಡುಪಿಯ ಫೆಲಿಕ್ಸ್ ಒದ್ದೆ ಜಲ್ಲಿಯನ್ನು ಬೂಟಿನಿಂದ ಕೆದಕಿ ನಕ್ಕ: “ಎತ್ತಿದ ನೀರೇ ತಿರುಗಿ ಒಳಗೆ ಹೋಗ್ತಾ ಉಂಟಲ್ಲ ಮಾರಾಯ! ಇದೇನು, ಮಾಲ್‌ನ ಕಾರಂಜಿಯಾ?”

“ಖಲಾಸ್ ಫೆಲಿಕ್ಸ್, ಮಟ್ಟ ನಿಂತಿದೆ. ಪಂಪ್ ಬಿಚ್ಚು.”

ಮಸ್ಕತ್ತಿನ ವಾದಿ ಅದಾಯ್ ಪೇಟೆಯಿಂದ ಉದ್ದದ ಪೈಪ್ ತರಿಸಿ ಮೊದಲಿನಿಂದ ಶುರುಮಾಡಿದ್ದರೆ ನನಗೆ ಊರಿಗೆ ಹೋಗುವ ವಿಮಾನ ತಪ್ಪುತ್ತಿತ್ತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ — ಇದ್ದಿದ್ದರೂ...

ಪಕ್ಕದ ಖರ್ಜೂರದ ತೋಟದ ಸಯೀದ್ ಅಂದು ಕಹ್ವಾ ಕಾಫಿ ತಂದುಕೊಟ್ಟು, ತಮ್ಮ ಬಾವಿಗೆ ತೊಂದರೆಯಿಲ್ಲವಲ್ಲ ಎಂದು ಕೇಳಿದ್ದರು. ನೀರು ಬೇಕಾದಷ್ಟಿದೆ ಎಂದಿದ್ದೆ.

ನನ್ನ ವರದಿ ನಂಬಿ ಬಡಾವಣೆಯವರು ವರ್ಷಗಟ್ಟಲೆ ನೀರೆಳೆದರು. ಬಿರುಕುಗಳು ಬರಿದಾದವು, ಸಯೀದರ ಬಾವಿಯೂ ಬತ್ತಿತು. ಕಳೆದ ತಿಂಗಳು ಬೇರೆ ಕೆಲಸಕ್ಕೆ ಆ ಕಡೆ ಹೋದಾಗ, ಅದನ್ನು ಇನ್ನಷ್ಟು ಆಳ ಮಾಡಲು ಅವರೇ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರು. ಅವರ ತಮ್ಮನ ಜತೆ ನಾನೂ ಹಗ್ಗ ಹಿಡಿದೆ. ಗೋಡೆಯ ಕಲ್ಲುಗಳು ಜಾರಿದ ಸದ್ದು — ಆಮೇಲೆ ಧೂಳು. ಕೂಗಿದರೆ ಉತ್ತರವಿಲ್ಲ. ಎಳೆದೆವು, ಎಳೆದೆವು... ಈಗಲೂ ಅಲ್ ಖುವೈರ್‌ನ ಟ್ರಾಫಿಕ್‌ನಲ್ಲಿ ಕಾರು ನಿಂತಾಗ ನನ್ನ ಅಂಗೈಗಳು ತಾವಾಗಿ ಬಿಗಿಯುತ್ತವೆ.

ಬದುಕಿ ಬಂದರು. ಕಾಲಿನಿಂದ ರಕ್ತ ಸುರಿಯುತ್ತಿತ್ತು. ಬಾಯಿಯ ಮಣ್ಣು ಉಗಿದು ಕೇಳಿದರು: “ಮುಹಂದಿಸ್, ಎಂಜಿನಿಯರ್ ನೀವು, ಹೇಳಿ — ಕೆಳಗೆ ನೀರಿದೆ ತಾನೇ?”

“ಮಳೆ ಆಗಲಿ, ಬರುತ್ತದೆ,” ಎಂದೆ. ಆಗಲೂ.

ಗಾಯ ಮಾಗಿದೆಯಂತೆ. ನಾಳಿದ್ದು ಶುಕ್ರವಾರದ ನಮಾಜು ಮುಗಿಸಿ ಮತ್ತೆ ಇಳಿಯುತ್ತಾರಂತೆ. ಹಗ್ಗ ಹಿಡಿಯಲು ಬನ್ನಿ ಎಂದು ಅವರ ತಮ್ಮ ಫೋನ್ ಮಾಡಿದ್ದ. ಆಗಲೇ ಹೇಳಬಹುದಿತ್ತು.

ನಾಳೆ ಬೆಳಿಗ್ಗೆಯೇ ಹೊರಡುತ್ತೇನೆ. ನನ್ನ ಹರಕುಮುರುಕು ಅರಬ್ಬಿ ಭಾಷೆಗೆ ಸಾಕಾಗುವಷ್ಟೇ ಮಾತು: ಇಳಿಯಬೇಡಿ, ಅಲ್ಲಿ ನೀರಿಲ್ಲ. ನನಗೆ ಅಂದೇ ಗೊತ್ತಿತ್ತು.