ಗುಡ್ಡದೊಳಗಿನವರಿಗೆ ಹೆಸರಿಟ್ಟ ಅತ್ತೆ

ಅಮೃತಾ, ಮಲ್ಲು,

ನಮ್ಮ ಅತ್ತೆಯ ಮೂಗಿನ ಎಡಹೊಳ್ಳೆಯಲ್ಲಿ ಯಾವಾಗಲೂ ಬೇವಿನ ಕಡ್ಡಿಯ ಒಂದು ಚೂರು ಇರುತ್ತಿತ್ತು. ಮೂಗುತಿ ತೆಗೆಸಿದ ಮೇಲೆ ತೂತು ತಾನೇ ಮುಚ್ಚಿಕೊಳ್ಳಲಿ ಎಂದು ಮನೆಯವರು ಬಿಟ್ಟಿದ್ದರು. ಅವಳು ಬಿಡಲಿಲ್ಲ. ಕಡ್ಡಿ ಒಣಗಿದರೆ ಹೊಸದೊಂದು ಮುರಿದು, ಕಲ್ಲಿಗೆ ತಿಕ್ಕಿ ನುಣ್ಣಗೆ ಮಾಡಿ ಸಿಕ್ಕಿಸಿಕೊಳ್ಳುತ್ತಿದ್ದಳು. ಮಾತಾಡುವಾಗ ಅದು ಅಲ್ಲಾಡುತ್ತಿತ್ತು. ಕತೆ ಹೇಳುವಾಗ ಇನ್ನೂ ಹೆಚ್ಚು.

ಅವಳು ನಮ್ಮಪ್ಪನ ಒಬ್ಬಳೇ ತಂಗಿ, ನನಗೆ ಸೋದರತ್ತೆ. ಸಣ್ಣಾಕೆ ಇದ್ದಾಗಲೇ ಸುರಪುರದ ಕಡೆ ಮದುವೆ ಮಾಡಿದ್ದರು. ಗಂಡನ ಮನೆಗೆ ಕಳಿಸುವ ಮೊದಲೇ ಆ ಹುಡುಗ ಕಾಲರಾದಲ್ಲಿ ಹೋದ. ಅವನ ಮುಖ ಹೇಗಿತ್ತು ಎಂದು ನಾನು ಒಮ್ಮೆ ಕೇಳಿದ್ದೆ. "ಮಾರಿ ನೆನಪಿಲ್ಲವ್ವ, ರುಮಾಲ ಅಷ್ಟ ನೆನಪದ. ಹಳದಿ ಇತ್ತು," ಅಂದಳು. ಶಹಾಪುರದ ಗುಡ್ಡದ ಈಚೆ ನಮ್ಮ ಹಳ್ಳಿ. ಕುರಿ ಸಾಕುವ ಮನೆ. ದೊಡ್ಡವರು ಹಿಂಡು ಹೊಡೆದುಕೊಂಡು ಹೋದರೆ ಹಟ್ಟಿಯಲ್ಲಿ ಉಳಿದ ಮರಿಗಳೂ ಮನೆಯ ಮಕ್ಕಳೂ ಅತ್ತೆಯ ಪಾಲಿಗೆ.

ಮಲ್ಲು, ಹೋದ ರಜೆಯಲ್ಲಿ ನೀನು ಗಿಡ್ಡರ ಕತೆ ಬರೆಯುತ್ತಿದ್ದೆಯಲ್ಲ. ಗಡ್ಡ, ಕೊಡಲಿ, ಗುಡ್ಡದೊಳಗೆ ಒಂದು ಊರು. ಅವರ ಹೆಸರು ಮಾತ್ರ ಯಾವ ದೇಶದವೋ, ನನ್ನ ನಾಲಿಗೆ ಹೊರಳಲಿಲ್ಲ. "ಅಜ್ಜಿ, ಇವರಿಗೆ ನಮ್ಮ ಕಡೀ ಹೆಸರು ಹೇಳು," ಎಂದು ಅಮೃತಾ ಅಂದಳು. ರೊಟ್ಟಿ ಬಡಿಯುತ್ತ ಕುಳಿತಿದ್ದವಳು ನಾನು ಹೇಳುತ್ತಾ ಹೋದೆ. ಟಣಕ್ಯಾ. ತಿದಿಯಪ್ಪ. ಉಳಿಯವ್ವ. ಮಬ್ಬಣ್ಣ. ಬಂಡೆಪ್ಪ. ನೀವಿಬ್ಬರೂ ಕುಣಿದಿರಿ. "ಅಜ್ಜಿ ತಲಿ ಭಾರಿ ಅದ!" ಅಂದಿರಿ. ನಾನು ರೊಟ್ಟಿ ತಿರುವಿದೆ.

ಆ ಹೆಸರು ನನ್ನವಲ್ಲ. ಅತ್ತೆಯವು.

ಶಹಾಪುರದ ಗುಡ್ಡ ದೂರದಿಂದ ಅಂಗಾತ ಮಲಗಿದ ಮನುಷ್ಯನ ಹಾಗೆ ಕಾಣುವುದು ನಿಮಗೆ ಗೊತ್ತು. ಅವನ ಹೊಟ್ಟೆಯೊಳಗೆ ಮೊಣಕಾಲೆತ್ತರದ ಮಂದಿ ಇದ್ದಾರೆ, ಕಲ್ಲು ಒಡೆಯುತ್ತಾರೆ, ಕುಲುಮೆ ಊದುತ್ತಾರೆ, ಅವನಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ನಡೆಯುತ್ತಾರೆ ಎಂದು ಅತ್ತೆ ಹೇಳುತ್ತಿದ್ದಳು. ಕತೆಗೆ ಹೊಸಬನೊಬ್ಬ ಬಂದರೆ ಅವನಿಗೆ ಹೆಸರು ಸಿಗುವ ತನಕ ಕತೆ ಮುಂದೆ ಹೋಗುತ್ತಿರಲಿಲ್ಲ. ನಮಗೆ ತಡೆಯಲಾಗುತ್ತಿರಲಿಲ್ಲ.

"ಹೆಸರು ಹಾಳಾಗಿ ಹೋಗಲಿ ಅತ್ತಿ, ಮುಂದ ಏನಾತು?"

"ಹೆಸರಿಲ್ಲದಾಂವ ಮುಂದ ಹ್ಯಾಂಗ ಹೋಗ್ಯಾನ? ಕತ್ತಲದಾಗ ಕಳದ್ರ ಏನಂತ ಕೂಗತಿ?"

ಒಮ್ಮೆ ನಾನೇ ಒಂದು ಹೆಸರು ಕೊಟ್ಟೆ, ಗಿಡ್ಡಪ್ಪ ಎಂದು. ಅತ್ತೆ ಮರಿಗೆ ಹಾಲು ಹಾಕುವುದನ್ನು ನಿಲ್ಲಿಸಿದಳು.

"ಅದು ಹೆಸರಲ್ಲ, ನೋಡಿದವರ ಕಣ್ಣು. ಗುಡ್ಡದಾಗ ಎಲ್ಲಾರೂ ಅಷ್ಟ ಎತ್ತರ ಇದ್ದಾರ. ಅವರವರೊಳಗ ಯಾರು ಗಿಡ್ಡರು? ನನಗ ಮಂದಿ ರಂಡಿ ಅಂತಾರ, ಅದೇನು ನನ್ನ ಹೆಸರಾ?" ಎಂದು ನಕ್ಕಳು. ನನಗೂ ನಗು ಬಂತು. ಯಾಕೆ ನಗುತ್ತಿದ್ದೇನೆ ಎಂದು ತಿಳಿಯುವ ವಯಸ್ಸಲ್ಲ.

ಅವಳ ಪದ್ಧತಿ ಬೇರೆ. ಮೊದಲು ಹೊಸಬ ಏನು ಮಾಡುತ್ತಾನೆ ಎಂದು ನಾಲ್ಕು ದಿನ ಕತೆಯನ್ನು ಅಲ್ಲಲ್ಲೇ ತಿರುಗಿಸಿ ನೋಡುವಳು. ಸುತ್ತಿಗೆ ಹಿಡಿದವನ ಕೈಯಿಂದ ಟಣಕ್ ಎಂದು ಸದ್ದು ಬಂದರೆ ಟಣಕ್ಯಾ. ಎಲ್ಲರೂ ಹೆದರಿದ ಬಂಡೆಯನ್ನು ಒಡೆದವನು ಬಂಡೆಪ್ಪ. "ಸಣ್ಣವರಿಗೆ ಅವರು ಗೆದ್ದದ್ದರ ಹೆಸರಿಡಬೇಕು. ಉಟ್ಟ ಅರಿವಿ ಹಂಗ ಹೆಸರು. ಬೆಳದು ತುಂಬಲಾಕ ಜಾಗ ಇರಬೇಕು." ಕೊನೆಗೆ ನಮ್ಮನ್ನು ಹೊಲದ ಹಳೇ ಬಾವಿಗೆ ಕರೆದುಕೊಂಡು ಹೋಗಿ, ಬಗ್ಗಿ, ಆ ಹೆಸರನ್ನು ಒಳಗೆ ಕೂಗುವಳು. ನಾನು ಹಿಂದಿನಿಂದ ಅವಳ ಸೆರಗು ಹಿಡಿದಿರಬೇಕು. ಬಾವಿ ಹೆಸರನ್ನು ತಿರುಗಿ ಕೊಟ್ಟರೆ ಅದು ಗುಡ್ಡದೊಳಗೂ ಕೇಳುತ್ತದೆ. ನುಂಗಿದರೆ ಬೇರೆ ಹುಡುಕಬೇಕು. ಎಷ್ಟೋ ಒಳ್ಳೆಯ ಹೆಸರು ಆ ಬಾವಿಯಲ್ಲಿ ಮುಳುಗಿದವು.

ಆಮೇಲೆ ಗದ್ದಲದ ವರ್ಷ ಬಂತು. ನಿಜಾಮನ ಕಡೆಯ ರಜಾಕಾರರು ಇಂದು ಬಂದಾರು ನಾಳೆ ಬಂದಾರು ಎಂಬ ಹೆದರಿಕೆ. ಪಡುವಣಕ್ಕೆ ದೂರ ಹೋದರೆ ಹೊಳೆಯ ಆಚೆ ದಂಡೆ ನಿಜಾಮನದಲ್ಲ, ಅಲ್ಲಿ ನಮ್ಮ ಬೀಗರಿದ್ದರು. ಹೊರಡುವ ಹೊತ್ತಿಗೆ ಸರಿಯಾಗಿ ನಮ್ಮವ್ವ ಏಳು ತಿಂಗಳಿಗೇ ಹಡೆದಳು. ಗಂಡು ಕೂಸು, ಒಂದು ಗೇಣಿಗಿಂತ ಸ್ವಲ್ಪ ದೊಡ್ಡದು. ಅವ್ವನಿಗೆ ಜ್ವರ ಏರಿತು. ಅತ್ತೆ ಕೂಸನ್ನು ಕುರಿಯುಣ್ಣೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಳು. ಹತ್ತಿಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಬಾಯಿಗೆ ಇಟ್ಟಳು. ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟುವಾಗ ನೀರು ಸಿಡಿಯುತ್ತಿತ್ತು, ನಾವೆಲ್ಲ ಅಳುತ್ತಿದ್ದೆವು. ಕೂಸು ಮಾತ್ರ ಅಳಲಿಲ್ಲ. "ನೋಡಲ್ಲಿ, ಕಣ್ಣು ಬಿಟ್ಟಾನ," ಎಂದು ಅತ್ತೆ ನನ್ನ ಕಿವಿಯಲ್ಲಿ ಅಂದಳು. "ಹೊಳಿ ನೋಡಾಕತ್ತಾನ."

ಬೀಗರ ಊರಿನಲ್ಲಿ ನೋಡಲು ಬಂದ ಹೆಂಗಸರೆಲ್ಲ "ಅಯ್ಯ, ಇದೇನವ್ವ ಗಿಡ್ಡ್ಯಾ!" ಅಂದರು. ಪ್ರೀತಿಯಿಂದಲೇ ಅಂದರು. ತೊಟ್ಟಿಲು ಹಾಕುವ ಕಾಲವಲ್ಲ ಅದು, ಹೆಸರಿಟ್ಟಿರಲಿಲ್ಲ. ಹಾಗಾಗಿ ಗಿಡ್ಡ್ಯಾ ಎಂಬುದೇ ನಿಂತಿತು. ಕೊನೆಗೆ ನಮ್ಮವ್ವನೂ "ಗಿಡ್ಡ್ಯಾ ಹಾಲು ಕುಡಿದನಾ?" ಎಂದು ಕೇಳತೊಡಗಿದಳು. ಕೇಳಿದಾಗಲೆಲ್ಲ ಅತ್ತೆಯ ಮುಖ ಸಣ್ಣದಾಗುತ್ತಿತ್ತು. "ಬೆಳದ ಮ್ಯಾಲೂ ಹಿಂಗ ಕರೀತಾರ ನೋಡು, ಸಾಯೂತನಾ," ಅಂದಳು.

ಹಿಂದೂಸ್ತಾನದ ಮಿಲಿಟರಿ ಬಂತು, ನಿಜಾಮನ ರಾಜ್ಯ ಮುಗಿಯಿತು ಎಂದು ಸುದ್ದಿ ಬಂದ ಮೇಲೆ ಊರಿಗೆ ತಿರುಗಿದೆವು. ಆಯಿ, ಅಂದರೆ ನಮ್ಮಪ್ಪನ ಅವ್ವ, ತೊಟ್ಟಿಲು ಹಾಕಲು ದಿನ ಗೊತ್ತು ಮಾಡಿಸಿದಳು. ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವವಳು ಸೋದರತ್ತೆ. ಅದು ಅವಳ ಹಕ್ಕು. ಆದರೆ ಗಂಡನಿಲ್ಲದವಳು ತೊಟ್ಟಿಲ ಹತ್ತಿರ ಬರಬಾರದು. ಆರು ತಿಂಗಳು ಕೂಸನ್ನು ಎದೆಗೆ ಕಟ್ಟಿಕೊಂಡಿದ್ದವಳಿಗೆ ಅವಳ ಹೆತ್ತ ತಾಯಿಯೇ ಹೇಳಿದಳು, "ನೀ ಅವತ್ತ ಹಟ್ಟಿಗೆ ಹೋಗು, ಮರಿ ನೋಡ್ಕೋ." ಅತ್ತೆಯ ಕಡೆ ನೋಡದೆ ಹೇಳಿದಳು. ಅವಳ ಜಾಗದಲ್ಲಿ ಕೂಸಿನ ಅಕ್ಕನೆಂದು ನನ್ನನ್ನು ಕೂಡಿಸುವುದು ಎಂದಾಯಿತು.

ಹಿಂದಿನ ದಿನ ಅತ್ತೆ ನನ್ನನ್ನೂ ಕೂಸನ್ನೂ ಬಾವಿಗೆ ಕರೆದುಕೊಂಡು ಹೋದಳು. ಬಗ್ಗಿ ಕೂಗಿದಳು. "ಹೊಳೆಪ್ಪಾ!" ಬಾವಿ ಪೂರಾ ಹೆಸರನ್ನು ತಿರುಗಿ ಕೊಟ್ಟಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೊದಲ ಮುತ್ಯಾನ ಹೆಸರು ಹೇಳು, ಆಮ್ಯಾಲ ದೇವರದು. ಮೂರನೇದು ಇದನ್ನ ಹೇಳು. ಹೇಳತೀ ಹೌದಲ್ಲ?"

ನಾನು ಹೇಳಿದೆ. ಮೊದಲೆರಡನ್ನು ಮೆಲ್ಲಗೆ ಹೇಳಿ, ಮೂರನೆಯದನ್ನು ಹೆದರಿಕೆಗೆ ಗಟ್ಟಿಯಾಗಿ ಹೇಳಿಬಿಟ್ಟೆ. ಪದ್ಧತಿಯಂತೆ ಹಿಂದೆ ನಿಂತು ಹೆಸರಿಡುವವಳ ಬೆನ್ನಿಗೆ ಗುದ್ದುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು.

"ಹೊಳೆಪ್ಪ? ಇದ್ಯಾರು ಹೇಳಿಕೊಟ್ಟರು?" ಎಂದಳು ಆಯಿ.

ನಾನು ತಲೆ ತಗ್ಗಿಸಿದೆ. ನಾಲ್ಕು ಮಂದಿ ನೋಡಿದರೆ ಬಾಯಿ ಕಟ್ಟುವುದು ನನಗೆ ಆಗಿನಿಂದಲೂ ಇದೆ. ಮಗ್ಗುಲ ಮನೆಯವಳು ನಕ್ಕಳು. "ಯಾರು ಹೇಳಿಕೊಡತಾರವ್ವ, ಹುಡುಗಿನ ಹುಟ್ಟಿಸ್ಯಾಳ! ಹೊಳಿ ದಾಟಿ ಬದುಕಿ ಬಂದಾನ, ಹೊಳೆಪ್ಪ! ಎಷ್ಟು ಶ್ಯಾಣ್ಯಾಕಿ ನೋಡ್ರಿ!" ಎಲ್ಲರೂ ನನ್ನ ಗಲ್ಲ ಹಿಂಡಿದರು. ಆಯಿ ಕುಪ್ಪಸದ ಖಣ ಕೊಟ್ಟಳು. ಹಾಗೆ ಯಾರೂ ನನ್ನನ್ನು ಹೊಗಳಿರಲಿಲ್ಲ. ಚಂದ ಅನಿಸಿತು, ಸುಳ್ಳೇಕೆ ಹೇಳಲಿ.

ಖಣ ಹಿಡಿದುಕೊಂಡು ಹಟ್ಟಿಗೆ ಓಡಿದೆ. "ಅತ್ತಿ, ಇದು ನಿಂದು. ಆಯಿಗೆ ಹೇಳಿ ಬರತೀನಿ."

ಅವಳು ನನ್ನ ರಟ್ಟೆ ಹಿಡಿದಳು. "ಹುಚ್ಚಿ, ಬಾಯಿ ಬಿಚ್ಚಬ್ಯಾಡ. ನಾ ಇಟ್ಟೀನಂದ್ರ ಅಪಶಕುನ ಅಂತ ತಗದ ಹಾಕ್ತಾರ. ಮತ್ತ ಗಿಡ್ಡ್ಯಾ ಆಗತಾನ. ನೀ ಇಟ್ಟೀದಿ ಅಂದ್ರ ಉಳೀತದ. ಉಳೀಲಿ."

ಹೆಸರು ಉಳಿಯಿತು. ನಿಮ್ಮ ಹೊಳೆಪ್ಪ ಮುತ್ಯಾ ಎಷ್ಟು ಬೆಳೆದ ಎಂದು ನೀವೇ ನೋಡಿದ್ದೀರಿ, ನನ್ನ ಭುಜಕ್ಕೂ ಬರುವುದಿಲ್ಲ. ಆದರೂ ಈ ಸೀಮೆಯಲ್ಲಿ ಒಬ್ಬರೂ ಅವನನ್ನು ಗಿಡ್ಡ ಎಂದು ಕರೆಯಲಿಲ್ಲ. ಸಂತೆಯಲ್ಲಿ ಆ ಹೆಸರು ಕೂಗಿದರೆ ಯಾರೋ ಆಳೆತ್ತರದವನು ಬರುತ್ತಾನೆ ಎಂದು ಜನ ತಿರುಗಿ ನೋಡುತ್ತಾರೆ. ಬುದ್ಧಿ ಬಂದಾಗಿನಿಂದ ಅವನು ಪ್ರತಿ ಪಂಚಮಿಗೆ ನನಗೆ ಸೀರೆ ತರುತ್ತಾನೆ. ಒಡಹುಟ್ಟಿದವಳೆಂದು ಒಂದು, ಹೆಸರಿಟ್ಟವಳೆಂದು ಇನ್ನೊಂದು. ನಾನು ಎರಡನ್ನೂ ಉಟ್ಟಿದ್ದೇನೆ.

ಅವನಿಗೆ ಮೀಸೆ ಮೂಡುವ ಹೊತ್ತಿಗೆ ಅತ್ತೆಗೆ ಕಾಮಾಲೆ ಆಯಿತು. ನಾನು ಸುರಪುರದ ಗಂಡನ ಮನೆಯಿಂದ ನೋಡಲು ಬಂದೆ. ಆಯಿ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಹೆಸರನ್ನು ಕಿತ್ತುಕೊಳ್ಳುವವರು ಈಗ ಯಾರೂ ಇರಲಿಲ್ಲ. ಹೊಳೆಪ್ಪ ಗಂಜಿ ತಂದು ಕುಡಿಸುತ್ತಿದ್ದ. ಅತ್ತೆ ಅವನ ಹೆಸರು ಹಿಡಿದು ಕರೆದಳು, ಕೆಲಸವೇನೂ ಇಲ್ಲದೆ, ಸುಮ್ಮನೆ.

"ನನ್ನ ಹೆಸರು ಚಂದ ಅದ ನೋಡತ್ತಿ," ಅಂದ ಅವನು, "ನಮ್ಮಕ್ಕ ಇಟ್ಟಿದ್ದು."

"ಹೌದಪ್ಪ," ಅಂದಳು ಅತ್ತೆ. "ನಿಮ್ಮಕ್ಕ ಶ್ಯಾಣ್ಯಾಕಿ."

ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. ಕಾಯುತ್ತಿದ್ದಳು ಎಂದು ನನಗೆ ಈಗ ಅನಿಸುತ್ತದೆ. ನಾನು ಖಾಲಿ ಬಟ್ಟಲು ತೆಗೆದುಕೊಂಡು ಒಳಗೆ ಹೋದೆ. ನಾನು ಸುರಪುರಕ್ಕೆ ಮರಳಿದ ವಾರದಲ್ಲೇ ಅವಳು ಹೋದಳು.

ಮೊದಲು ನಾನು ಸುಮ್ಮನಿದ್ದದ್ದು ಅವಳ ಸಲುವಾಗಿ. ಯಾವಾಗಿನಿಂದ ನನ್ನ ಸಲುವಾಗಿ ಸುಮ್ಮನಾದೆನೋ ಗೊತ್ತೇ ಆಗಲಿಲ್ಲ. ಮುಂದೆ ನಿಮ್ಮ ಅಜ್ಜ ಹೋದರು, ನಾನೂ ಅವಳ ಸಾಲಿಗೇ ಬಂದೆ. ಆದರೆ ಅಮೃತಾ, ನಿನ್ನ ತೊಟ್ಟಿಲಿಗೆ ನಿಮ್ಮವ್ವ "ನೀವ ಮುಂದ ಕೂಡ್ರಿ ಅತ್ತಿ" ಎಂದು ಕೈ ಹಿಡಿದು ಕೂಡಿಸಿದಳು. ಒಬ್ಬರೂ ಬೇಡವೆನ್ನಲಿಲ್ಲ. ಅವತ್ತೂ ನಾನು ಅತ್ತೆಯ ಮಾತು ಎತ್ತಲಿಲ್ಲ.

ರಜೆ ಮುಗಿಯುವ ಮುಂಚೆ ನೀವು ಮನೆಯವರನ್ನೆಲ್ಲ ಕೂಡಿಸಿ ಕತೆ ಓದಿದಿರಿ. ಮೇಲೆ "ಹೆಸರಿಟ್ಟವರು: ನಮ್ಮ ಅಜ್ಜಿ" ಎಂದು ಬರೆದಿದ್ದಿರಿ. ಹೊಳೆಪ್ಪ ಚಪ್ಪಾಳೆ ತಟ್ಟಿ, "ಹೆಸರಿಡೂದು ಅಕ್ಕನ ಕೈಗುಣ, ನನ್ನ ನೋಡ್ರಿ," ಅಂದ. ನಾನು ಮತ್ತೆ ತಲೆ ತಗ್ಗಿಸಿ ಕುಳಿತೆ.

ಆ ಸಾಲು ಹೊಡೆದುಹಾಕಿ, "ಅಜ್ಜಿಯ ಸೋದರತ್ತೆ" ಎಂದು ಬರೆಯಿರಿ. ಹೊಳೆಪ್ಪ ಮುತ್ಯಾನಿಗೆ ಈಗ ಅಕ್ಷರ ಕಾಣುವುದಿಲ್ಲ, ನೀವೇ ಇದನ್ನು ಅವನಿಗೆ ಓದಿ ಹೇಳಿರಿ. ಎದುರು ಕುಳಿತು ಹೇಳುವ ಧೈರ್ಯ ನನಗೆ ಇಂದಿಗೂ ಇಲ್ಲ. ಅವನು ಸಿಟ್ಟಾಗುವವನಲ್ಲ. ಅಕ್ಕನ ಮೇಲೆ ಮಾತು ಬರಬಾರದೆಂದು "ಇದನ್ನ ಹರಿದು ಹಾಕ್ರಿ" ಅನ್ನುತ್ತಾನೆ, ನನಗೆ ಗೊತ್ತು. ಕೊಡಬೇಡಿ. ಎಷ್ಟೇ ಕೇಳಿದರೂ ಕೊಡಬೇಡಿ. ಈ ಹಾಳೆಗಳನ್ನು ನಿಮ್ಮ ಹತ್ತಿರವೇ ಜೋಪಾನವಾಗಿ ಇಟ್ಟುಕೊಳ್ಳಿರಿ.