ಹೊದಿಕೆ ಇಲ್ಲದ ವೈರಸ್ಸು ಮತ್ತು ನನ್ನ ಫಿನಾಯಿಲು

ಮತ್ತಿಕೆರೆಯ ಪಿಯು ಕಾಲೇಜೊಂದರಲ್ಲಿ ನಾನು ಬಯಾಲಜಿ ಲೆಕ್ಚರರ್. ವೈರಸ್ ಪಾಠ ಬಂತೆಂದರೆ ನನಗೆ ಎಲ್ಲಿಲ್ಲದ ಹುಮ್ಮಸ್ಸು. ಬೋರ್ಡಿನ ಮೇಲೆ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡದ್ದು ಒಂದು, ಇಪ್ಪತ್ತು ಮುಖದ ಡಬ್ಬಿ ಇನ್ನೊಂದು, ತಲೆ ಬಾಲ ಕಾಲು ಎಲ್ಲ ಇರುವ ವಿಚಿತ್ರ ಮೂರನೆಯದು. ಆಮೇಲೆ ಅಸಲು ವಿಷಯ: ಕೆಲವಕ್ಕೆ ಮೇಲೊಂದು ಕೊಬ್ಬಿನ ಹೊದಿಕೆ ಇರುತ್ತೆ, ಕೆಲವಕ್ಕೆ ಇರಲ್ಲ. ಹೊದಿಕೆ ಇರೋದೇ ಗಟ್ಟಿ ಅಂತ ಮಕ್ಕಳು ಪ್ರತಿ ವರ್ಷ ಹೇಳುತ್ತಾರೆ. ಉಲ್ಟಾ ಕಣ್ರೋ, ಸೋಪು ತಾಗಿದರೆ ಆ ಕೊಬ್ಬು ಕರಗಿ ಅದರ ಕಥೆ ಮುಗೀತು, ಬೆತ್ತಲೆ ಇರೋದೇ ಮೊಂಡು ಅಂತ ಬೈದು ಬರೆಸುತ್ತೇನೆ.

ಆರ್.ಟಿ. ನಗರದ ನಮ್ಮ ಮನೆಯಲ್ಲಿ ಮಗಳು ಸಾಕಿದ್ದ ನಾಯಿಮರಿ ಪಾರ್ವೋ ವೈರಸ್ ತಗುಲಿ, ರಕ್ತಭೇದಿಯಾಗಿ, ನಾಲ್ಕೇ ದಿನದಲ್ಲಿ ಸತ್ತಿತು. ಒಂಬತ್ತು ವರ್ಷದ ಹುಡುಗಿ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಳು. ಅವಳ ಮುಖ ನೋಡಲಾರದೆ, ತಿಂಗಳೊಳಗೆ ಇನ್ನೊಂದು ಮರಿ ತರುತ್ತೇನೆ, ಅದಕ್ಕೆ ಏನೂ ಆಗಲ್ಲ ಎಂದು ಮಾತು ಕೊಟ್ಟೆ. ತರುವ ಮುಂಚೆ ಸೀರೆ ಎತ್ತಿ ಸಿಕ್ಕಿಸಿ ಮನೆಯನ್ನೆಲ್ಲ ಫಿನಾಯಿಲ್ ಹಾಕಿ ಮೂರು ಸಲ ಒರೆಸಿದೆ. ನಮ್ಮಮ್ಮ ಒರೆಸುತ್ತಿದ್ದದ್ದು ಅದರಲ್ಲೇ, ನಮ್ಮತ್ತೆ ಒರೆಸೋದೂ ಅದರಲ್ಲೇ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಮನೆ ಚೊಕ್ಕಟವಾಯಿತು ಅಂತ ಜೀವಕ್ಕೆ ಸಮಾಧಾನ.

ಹೊಸ ಮರಿ ಬಂದ ಎಂಟನೇ ದಿನ ಹಾಲು ಮುಟ್ಟಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು ನಾನೂ ಮಗಳೂ ಆಟೋ ಹತ್ತಿ ಹೆಬ್ಬಾಳದ ಪಶು ಆಸ್ಪತ್ರೆಗೆ ಓಡಿದೆವು. ಡಾಕ್ಟರು ನೋಡಿ ಅದೇ ಕಾಯಿಲೆ ಅಂದರು. ಮನೆಯನ್ನು ಯಾವುದರಲ್ಲಿ ತೊಳೆದಿರಿ ಎಂದು ಕೇಳಿದರು. ಹೇಳಿದೆ.

"ಫಿನಾಯಿಲ್‌ಗೆಲ್ಲ ಇದು ಜಗ್ಗಲ್ಲಮ್ಮ. ಇದಕ್ಕೆ ಮೇಲೆ ಹೊದಿಕೆ ಇರಲ್ಲ ನೋಡಿ, ತಿಂಗಳುಗಟ್ಟಲೆ ನೆಲದಲ್ಲೇ ಇರುತ್ತೆ. ಬ್ಲೀಚಿಂಗ್ ಪೌಡರ್ ಹಾಕ್ಬೇಕಿತ್ತು."

ಪಾಪ, ನನಗೆ ಅರ್ಥವಾಗಲಿ ಎಂದು ಚೀಟಿಯ ಹಿಂದೆ ಅದರ ಚಿತ್ರವನ್ನೂ ಬರೆದು ತೋರಿಸಿದರು. ನಾಚಿಕೆಯಿಂದ ಸತ್ತೇ ಹೋದೆ. ನಾನೇನು ಕೆಲಸ ಮಾಡುತ್ತೇನೆ ಅಂತ ಬಾಯಿ ಬಿಡಲಿಲ್ಲ. ಪುಸ್ತಕದ ವೈರಸ್ಸು ಕಾಲೇಜಿನಲ್ಲೇ ಇರುತ್ತೆ, ನಮ್ಮ ಮನೆ ನೆಲದಲ್ಲಿ ಇರೋದು ಬರೀ ಕೊಳೆ ಎಂದುಕೊಂಡಿದ್ದೆ ಅಂತ ಕಾಣುತ್ತೆ.

ಎರಡು ದಿನ ಡ್ರಿಪ್ ಹಾಕಿದರೂ ಮರಿ ಉಳಿಯಲಿಲ್ಲ. ವಾಪಸ್ ಬರುವಾಗ ಆಟೋದಲ್ಲಿ ಮಗಳು ಅಳಲಿಲ್ಲ. ಮೆಲ್ಲಗೆ ಕೇಳಿದಳು.

"ಅಮ್ಮ, ನೀನು ಇದನ್ನೇ ಅಲ್ವಾ ಪಾಠ ಮಾಡೋದು?"

ಹೌದು ಅಂದೆ. ಆಮೇಲೆ ಅವಳು ಯಾವತ್ತೂ ನನ್ನನ್ನು ನಾಯಿಮರಿ ಕೇಳಲಿಲ್ಲ.