ಸಿದ್ದಮ್ಮಕ್ಕನ ಹುಳುಮನೆ

ಸಿದ್ದಮ್ಮಕ್ಕ, ನಿನ್ನ ರೇಷ್ಮೆಹುಳುಗಳಿಗೆ ಕಾಯಿಲೆ ತಂದವಳು ನಾನು. ಊರವರು ಹೇಳುವಂತೆ ಅದು ನಿನ್ನ ಕೈಗುಣವಲ್ಲ, ನೀನೇ ನಂಬಿರುವಂತೆ ಒದ್ದೆ ಸೊಪ್ಪೂ ಅಲ್ಲ — ನನ್ನ ಕೈ.

ಶಾಗ್ಯದ ನಮ್ಮ ಬೀದಿಯಲ್ಲಿ ಮೊದಲು ಹುಳು ಸಾಕಿದವರು ನಾವಿಬ್ಬರೇ. ರಾಗಿ ಬಿಟ್ಟು ಹಿಪ್ಪುನೇರಳೆ ಕಡ್ಡಿ ನೆಟ್ಟಾಗ ಎಲ್ಲರೂ ನಕ್ಕರು. ನಮಗೆ ಮಾತ್ರ ಹುಚ್ಚು ಹುರುಪು. ಗೂಡು ಮಾರಿದರೆ ನೀನು ಸೋರುವ ಮನೆಗೆ ಹೊಸ ಶೀಟು ಹಾಕಿಸುವುದು, ನಾನು ಬಚ್ಚಲುಮನೆ ಕಟ್ಟಿಸುವುದು — ಸೊಪ್ಪು ಕೊಯ್ಯುತ್ತಾ ಅದೇ ಮಾತು. ಹುಳುಗಳು ಸರಸರನೆ ಮೇಯುವುದನ್ನು ನೋಡಲೆಂದೇ ಕೆಲಸ ಬಿಟ್ಟು ಕೂರುತ್ತಿದ್ದೆವು.

ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ನನ್ನ ಒಂದು ತಟ್ಟೆಯಲ್ಲಿ ಕೆಲವು ಹುಳು ಮೈ ಊದಿ, ಹಾಲಿನಂಥ ನೀರು ಸುರಿಸುತ್ತಾ ಬಿದ್ದಿದ್ದವು. ರೇಷ್ಮೆ ಇಲಾಖೆಯ ತರಬೇತಿಯಲ್ಲಿ ಹೇಳಿದ್ದ ಅಂಟುಕಾಯಿಲೆ ಅದೇ ಎಂದು ಗೊತ್ತಾಯಿತು. ಬರಿಗೈಯಲ್ಲೇ ಆರಿಸಿ ಹೂಳುತ್ತಿದ್ದೆ. ಅಷ್ಟರಲ್ಲಿ ಕೊಳ್ಳೇಗಾಲದಿಂದ ತಮ್ಮನ ಫೋನು — ಮಾರ್ಕೆಟ್ಟಿನಲ್ಲಿ ಗೂಡಿನ ರೇಟು ಏರಿದೆಯಂತೆ. ನನ್ನ ಕಾಲು ನಿಲ್ಲಲಿಲ್ಲ. ನಿನ್ನ ಹುಳುಮನೆಗೆ ಓಡಿ ಬಂದೆ. ಸುದ್ದಿ ಹೇಳುತ್ತಾ ಹೇಳುತ್ತಾ ತಟ್ಟೆಗೆ ಕೈ ಹಾಕಿ ದಪ್ಪ ಹುಳುವೊಂದನ್ನು ಎತ್ತಿದೆ, ಸೊಪ್ಪು ಸರಿಸಿದೆ, ಪಕ್ಕದ ತಟ್ಟೆಗೂ —

“ಕೈ ತೊಳ್ಕಂಡ್ಯಾ ಗೌರಿ?” ಎಂದು ಕೇಳಿದೆ ನೀನು.

“ತೊಳ್ಕಂಡೇ ಬಂದಿವ್ನಿ ಕಣಕ್ಕ.”

ಆಗಲೇ ನಿಜ ಹೇಳಿದ್ದರೆ ಆ ತಟ್ಟೆಗಳನ್ನಾದರೂ ಬೇರೆ ಇಡಬಹುದಿತ್ತು. ನಗೆಪಾಟಲಾಗುತ್ತೇನೆ ಎಂದೋ, ಆ ಹೊತ್ತಿನ ಖುಷಿ ಕೆಡದಿರಲಿ ಎಂದೋ — ಏನಾದರೇನು. ನನ್ನ ಉಳಿದ ಹುಳುಗಳು ಗೂಡು ಕಟ್ಟಿದವು. ನಿನ್ನವು, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವ ಮೊದಲೇ ತಟ್ಟೆ ತಟ್ಟೆಯೇ ಸತ್ತವು. “ಒದ್ದೆ ಸೊಪ್ಪು ಆಕ್ಬುಟ್ನೇನೋ ಕಣೇ” ಎಂದು ನನ್ನ ಮುಖ ನೋಡಿದೆ. “ಇರ್ಬೋದು ಕಣಕ್ಕ” ಎಂದೆ. ಮೊದಲಿನ ಸುಳ್ಳಿಗಿಂತ ಇದು ದೊಡ್ಡದು.

ನೀನು ಹಿಪ್ಪುನೇರಳೆ ಕಿತ್ತುಹಾಕಿದೆ. ನನ್ನ ಮನೆಗೆ ಬಚ್ಚಲು ಬಂತು, ತಾರಸಿ ಬಂತು, ಮಗಳು ನರ್ಸಿಂಗಿಗೆ ಸೇರಿದಳು. ನೀನು ನನ್ನ ತೋಟಕ್ಕೇ ಸೊಪ್ಪು ಕೊಯ್ಯಲು ಕೂಲಿಗೆ ಬಂದೆ. ನಾನು ಕರೆದೆ, ನೀನು ಬಂದೆ...

ಇವತ್ತು ನಮ್ಮ ಮಹಿಳಾ ಸಂಘದ ಸಭೆಯಿತ್ತು. ಬೀದಿಯವರೆಲ್ಲ ಸೇರಿ ದೊಡ್ಡ ಹುಳುಮನೆ ಕಟ್ಟುವುದು ನಿಕ್ಕಿಯಾಯಿತು. ಸ್ವಂತ ಜಾಗ ಇಲ್ಲದವರೂ ಅಲ್ಲಿ ಸಾಕಬಹುದು, ತೋಟ ಇಲ್ಲದವರಿಗೆ ಸಂಘದ ಸೊಪ್ಪು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ನನಗೂ ಕೂತಲ್ಲಿ ಕೂರಲಾಗದಷ್ಟು ಹಿಗ್ಗು. ನಿನ್ನ ಹೆಸರು ಬಂದಾಗ ಒಬ್ಬಳು, “ಸಿದ್ದಮ್ಮನ್ ಕೈಗೆ ಉಳ ಆಗ್ಬರಕಿಲ್ಲ, ಬ್ಯಾಡ” ಅಂದಳು. ಎಲ್ಲರೂ ತಲೆಯಾಡಿಸಿದರು.

ನಾನು ಎದ್ದು ನಿಂತೆ. ಎಲ್ಲವನ್ನೂ ಹೇಳಿಬಿಟ್ಟೆ.

“ಅವ್ಳಿಗೆ ಗೊತ್ತಾ?” ಎಂದು ಅಧ್ಯಕ್ಷೆ ಕೇಳಿದರು. ಇಲ್ಲ ಎಂದೆ.

ಈಗ ನಿನ್ನ ಮನೆ ಕಡೆಗೇ ನಡೆಯುತ್ತಿದ್ದೇನೆ. ಹೊಸ ಹುಳುಮನೆಯ ಸುದ್ದಿಯನ್ನು ಮೊದಲು ಹೇಳಿಬಿಡಲೇ ಎಂದು ನಾಲಿಗೆ ತುಡಿಯುತ್ತದೆ. ಬೇಡ — ಆ ಸಂತೋಷವನ್ನು ಬೇರೆ ಯಾರಾದರೂ ಬಂದು ಹೇಳಲಿ. ನಾನು ಹೇಳಬೇಕಾದ್ದು ಇದೊಂದೇ. ನೀನು ಒಳಗೆ ಕರೆಯದಿದ್ದರೆ ಜಗಲಿಯ ಕೆಳಗೆ ನಿಂತೇ ಹೇಳುತ್ತೇನೆ.